ರೈತನ ಮನೆ, ವಠಾರ, ಆಮೇಲೆ ಕಾಟೇಜು: ಶಾಟರಿಯ ಒಂದು ಮನೆಯ ಪ್ರಕರಣ

ಬಿಸ್ಕತ್ ಡಬ್ಬದ ಮೇಲೋ, ಹಳೇ ಕ್ಯಾಲೆಂಡರ್‌ನಲ್ಲೋ ಈ ಮನೆಯನ್ನು ನೀವು ನೋಡಿರುತ್ತೀರಿ. ದಪ್ಪನೆಯ ಹುಲ್ಲಿನ ಮಾಡು, ಮಹಡಿ ಕಿಟಕಿಗಳ ಮೇಲೆ ಹುಬ್ಬಿನ ಹಾಗೆ ಬಾಗಿರುತ್ತದೆ. ಬಿಳಿ ಗೋಡೆ, ಅದರಲ್ಲಿ ಕಪ್ಪು ಮರದ ಚೌಕಗಳು. ಮುಂದೆ ಹೂವೋ ಹೂವು. ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ, ಸ್ಟ್ರಾಟ್‌ಫರ್ಡ್-ಅಪಾನ್-ಏವನ್ ಪೇಟೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ನಡೆದರೆ ಶಾಟರಿ ಎಂಬ ಹಳ್ಳಿ. ಅಲ್ಲಿದೆ ಇದು. ಹೆಸರು ಆನ್ ಹ್ಯಾಥವೇಸ್ ಕಾಟೇಜ್. ಷೇಕ್ಸ್‌ಪಿಯರ್‌ನ ಹೆಂಡತಿಯ ತವರುಮನೆ.

ಆ ಹೆಸರಿನ ಮೇಲೆ ನನ್ನದು ಎರಡು ತಕರಾರು. ಒಂದು, ಇದು ಕಾಟೇಜ್ ಅಲ್ಲವೇ ಅಲ್ಲ. ಎರಡು, ಇವತ್ತು ಕಣ್ಣಿಗೆ ಬೀಳುವ ಮನೆಯಲ್ಲಿ ಎಷ್ಟೋ ಭಾಗ ಆನ್ ಮದುವೆಯಾಗಿ ಹೋದ ಮೇಲೆ ಎದ್ದದ್ದು. ಇದು ಜಗಳಕ್ಕೆ ಹೇಳುವ ಮಾತಲ್ಲ. ಗೋಡೆ, ತೊಲೆ, ಹೊಗೆಗೂಡು ನೋಡುತ್ತಾ ಹೋದರೆ ಮನೆಯೇ ಈ ಮಾತು ಹೇಳುತ್ತದೆ.

ಮೊದಲು ಕಾಟೇಜ್ ವಿಷಯ. ಆನ್ ಇದ್ದ ಕಾಲದಲ್ಲಿ ಈ ಮನೆಗೆ ಹ್ಯೂಲ್ಯಾಂಡ್ಸ್ ಫಾರ್ಮ್ ಅಂತ ಹೆಸರು. ಬೆಳೆದು ನಿಂತ ಮೇಲೆ ಒಳಗೆ 12 ಕೋಣೆ. ಜೊತೆಗೆ 90 ಎಕರೆಗೂ ಹೆಚ್ಚು ಜಮೀನು. ಕುರಿ, ದನ, ಕಣಜ, ಆಳುಕಾಳು ಇದ್ದ ಮನೆತನ. ಆಗ ಕಾಟೇಜ್ ಅಂದರೆ ಕೂಲಿಯವನ ಗುಡಿಸಲು. 1589ರಲ್ಲಿ ಎಲಿಜಬೆತ್ ರಾಣಿಯ ಸರ್ಕಾರ ಒಂದು ಕಾನೂನು ಮಾಡಿತ್ತು. ಹೊಸದಾಗಿ ಕಾಟೇಜ್ ಕಟ್ಟಬೇಕಾದರೆ ಜೊತೆಗೆ ಕನಿಷ್ಠ 4 ಎಕರೆ ಜಮೀನು ಇರಬೇಕು, ಒಂದು ಕಾಟೇಜಿನಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರ ಇರಕೂಡದು ಅಂತ. ನೆಲವಿಲ್ಲದ ಬಡವರು ಕಂಡಕಂಡಲ್ಲಿ ಸೂರು ಎಬ್ಬಿಸುತ್ತಾರೆ ಎನ್ನುವ ಭಯಕ್ಕೆ ಮಾಡಿದ ಕಾನೂನು ಅದು. ಅಂಥ ದಿನಗಳಲ್ಲಿ ಹ್ಯಾಥವೇ ಮನೆಯವರ ಎದುರು ನಿಂತು "ನಿಮ್ಮ ಕಾಟೇಜ್ ಚೆನ್ನಾಗಿದೆ" ಅಂದಿದ್ದರೆ ಊಟ ಹಾಕುವುದಿರಲಿ, ಬಾಗಿಲು ಹಾಕಿಕೊಳ್ಳುತ್ತಿದ್ದರು.

ಹಾಗಾದರೆ ಮನೆಗೆ ಈ ಹೆಸರು ಅಂಟಿದ್ದು ಹೇಗೆ? ಅದಕ್ಕೆ ಕಟ್ಟಡದ ಒಳಗೇ ಹೋಗಬೇಕು.

ಮನೆ ನಿಂತಿರುವುದು ಇಳಿಜಾರಿನಲ್ಲಿ. ಅದಕ್ಕೇ ಚಾವಣಿಯ ನೆತ್ತಿ ಒಂದೇ ಮಟ್ಟದಲ್ಲಿಲ್ಲ, ಮೆಟ್ಟಿಲಿನ ಹಾಗೆ ಏರುತ್ತದೆ. ಒಂದು ಕಡೆ ತಗ್ಗಿನ, ಉದ್ದನೆಯ ಭಾಗ. ಇನ್ನೊಂದು ಕಡೆ ಎತ್ತರದ ಭಾಗ. ಸುಮ್ನೆ ನೋಡಿದರೆ ಒಂದೇ ಮನೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಎರಡು ಮನೆ ಭುಜಕ್ಕೆ ಭುಜ ತಾಗಿಸಿ ನಿಂತ ಹಾಗೆ ಕಾಣುತ್ತದೆ. ಅದು ಕಣ್ಣಿನ ಭ್ರಮೆಯಲ್ಲ. ತಗ್ಗಿನ ಭಾಗ ಹದಿನೈದನೇ ಶತಮಾನದ್ದು. 1463 ಅಂತ ಇಸವಿ ಕೊಡುತ್ತಾರೆ. ಎತ್ತರದ ಭಾಗ ಹದಿನೇಳನೇ ಶತಮಾನದ್ದು. ನಡುವೆ ಸುಮಾರು ನೂರೈವತ್ತು ವರ್ಷ.

ತಗ್ಗಿನ ಭಾಗ ನಿಂತಿರುವುದು ಕ್ರಕ್ ಎಂಬ ಚೌಕಟ್ಟಿನ ಮೇಲೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಮನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಬಡಗಿ ಕಾಡಿಗೆ ಹೋಗಿ ನೆಟ್ಟಗಿರುವ ಮರ ಹುಡುಕುವುದಿಲ್ಲ. ಬಾಗಿದ ಓಕ್ ಮರವನ್ನೇ ಹುಡುಕುತ್ತಾನೆ. ಕಡಿದು ತಂದು ಉದ್ದಕ್ಕೆ ಎರಡು ಹೋಳು ಮಾಡುತ್ತಾನೆ. ಒಂದೇ ಮರದ ಎರಡು ಹೋಳಾದ್ದರಿಂದ ಎರಡರ ಬಾಗೂ ಒಂದೇ ಥರ, ಕನ್ನಡಿಯಲ್ಲಿ ನೋಡಿದ ಹಾಗೆ. ಅವೆರಡನ್ನೂ ಎದುರುಬದುರು ನಿಲ್ಲಿಸಿ ತುದಿ ಕೂಡಿಸಿದರೆ ಕೈ ಮುಗಿದ ಆಕಾರ. ಬುಡ ನೆಲದ ಹತ್ತಿರ, ತುದಿ ಮಾಡಿನ ನೆತ್ತಿಯಲ್ಲಿ. ಕಂಬವೂ ಅದೇ, ಮಾಡು ಹೊರುವ ತೊಲೆಯೂ ಅದೇ. ಇಂಥ ಜೋಡಿಗಳನ್ನು ಸಾಲಾಗಿ ನಿಲ್ಲಿಸಿ ನಡುವೆ ಅಡ್ಡತೊಲೆ ಕೂಡಿಸಿದರೆ ಮನೆಯ ಅಸ್ಥಿಪಂಜರ ರೆಡಿ. ಮಾಡಿನ ಭಾರವನ್ನು ಗೋಡೆ ಹೊರುವುದೇ ಇಲ್ಲ. ಗೋಡೆ ಇರುವುದು ಗಾಳಿ ತಡೆಯೋಕೆ ಅಷ್ಟೆ.

ಓಕ್ ಹಸಿಯಾಗಿದ್ದಾಗಲೇ ಕೆಲಸ ಮಾಡಿಬಿಡುತ್ತಿದ್ದರು. ಹಸಿ ಓಕ್ ಉಳಿಗೆ ಬಗ್ಗುತ್ತದೆ, ಒಣಗಿದರೆ ಕಬ್ಬಿಣ. ಒಂದು ಮರದ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆಯುವುದು. ಮೊಳೆ ಇಲ್ಲ. ಮರ ಒಣಗುತ್ತಾ ಕುಗ್ಗಿದಂತೆ ಆ ಕೂಡು ಇನ್ನೂ ಬಿಗಿಯುತ್ತದೆ. ಜೊತೆಗೆ ಮರ ತಿರುಚಿಕೊಳ್ಳುತ್ತದೆ, ಸೊಂಟ ಬಾಗುತ್ತದೆ. ಇಂಥ ಮನೆಗಳು ಕುಡಿದವರ ಹಾಗೆ ಓಲಾಡಿ ನಿಂತಿರುವುದಕ್ಕೆ ಕಾರಣ ವಯಸ್ಸಷ್ಟೇ ಅಲ್ಲ. ಎಷ್ಟೋ ಸಲ ಕಟ್ಟಿದ ಮೊದಲ ಕೆಲವು ವರ್ಷದಲ್ಲೇ ಆ ಓಲಾಟ ಬಂದಿರುತ್ತದೆ.

ಚೌಕಟ್ಟಿನ ಚೌಕಗಳನ್ನು ತುಂಬಿದ ರೀತಿ ನಮಗೆ ಹೊಸದಲ್ಲ. ಕಡ್ಡಿ ನಿಲ್ಲಿಸಿ, ಎಳೆ ರೆಂಬೆ ಹೆಣೆದು, ಎರಡೂ ಕಡೆ ಮಣ್ಣು ಮೆತ್ತುವುದು. ಮಣ್ಣಿಗೆ ಹುಲ್ಲು, ಸಗಣಿ. ಮೇಲೆ ಸುಣ್ಣ. ನಮ್ಮ ಕಡೆ ತಡಿಕೆ ಗೋಡೆ ಅಂತೀವಲ್ಲ, ಅದೇ. ಆರು ಸಾವಿರ ಮೈಲಿ ಇರಲಿ, ಹತ್ತು ಸಾವಿರ ಇರಲಿ, ಕೈಗೆ ಸಿಕ್ಕಿದ್ದರಲ್ಲೇ ಮನೆ ಕಟ್ಟುವವನು ಎಲ್ಲಿದ್ದರೂ ಸಗಣಿಗೇ ಬಂದು ನಿಲ್ಲುತ್ತಾನೆ. ಮುಂದೆ ಇಂಗ್ಲೆಂಡಿನಲ್ಲಿ ಇಟ್ಟಿಗೆ ಅಗ್ಗವಾದ ಹಾಗೆ, ಕೆಟ್ಟುಹೋದ ತಡಿಕೆ ತೆಗೆದು ಆ ಚೌಕಗಳಿಗೆ ಇಟ್ಟಿಗೆ ತುಂಬುತ್ತಾ ಬಂದರು. ಮೇಲೆ ಸುಣ್ಣ ಬಳಿದರೆ ಎಲ್ಲ ಒಂದೇ ಬಿಳಿ.

ಈಗ ಮುಖ್ಯ ಕೋಣೆಗೆ ಬರೋಣ. ಇಂಥ ಮನೆಗಳಲ್ಲಿ ಬಾಗಿಲು ದಾಟಿದರೆ ಮೊದಲು ಸಿಗುವುದು ಅಡ್ಡ ಓಣಿ. ಅದರ ಒಂದು ಕಡೆ ಹಾಲ್, ಇನ್ನೊಂದು ಕಡೆ ಅಡುಗೆ ಮನೆ. ಹಾಲ್ ಅಂದರೆ ನಮ್ಮ ಈಗಿನ ಸೋಫಾ-ಟಿವಿ ಹಾಲ್ ಅಲ್ಲ. ನಡುಮನೆ. ಊಟ, ಮಾತು, ಕೆಲಸ ಎಲ್ಲ ಅಲ್ಲೇ. ಹಳೇ ಕಾಲದಲ್ಲಿ ಅದಕ್ಕೆ ಅಟ್ಟ ಇರಲಿಲ್ಲ. ತಲೆ ಎತ್ತಿದರೆ ನೇರ ಮಾಡಿನ ಪಕಾಸಿ, ಅದರ ಮೇಲೆ ಹುಲ್ಲು. ನೆಲದ ನಡುವೆ ಬೆಂಕಿ. ಹೊಗೆಗೂಡು ಎಂಬುದೇ ಇಲ್ಲ. ಹೊಗೆ ಮೇಲಕ್ಕೇರಿ ಹುಲ್ಲಿನ ಸಂದಿಯಿಂದ ತಾನೇ ದಾರಿ ಮಾಡಿಕೊಂಡು ಹೋಗಬೇಕು. ನಮ್ಮ ಹಳ್ಳಿ ಅಡುಗೆಮನೆಯ ಇಲ್ಲಣ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಳೇ ಮನೆ ಓದುವವರು ಇಂಗ್ಲೆಂಡಿನಲ್ಲಿ ಮೊದಲು ಹುಡುಕುವುದೂ ಆ ಇಲ್ಲಣವನ್ನೇ. ಅಟ್ಟದ ಮೇಲೆ ಹತ್ತಿ, ಪಕಾಸಿಗೆ ಟಾರ್ಚ್ ಬಿಡುತ್ತಾರೆ. ಮರಕ್ಕೆ ಮಸಿ ಹಿಡಿದಿದೆಯಾ? ಹಾಗಾದರೆ ಈ ಅಟ್ಟ ಆಮೇಲಿನದು. ಮೊದಲು ಇಲ್ಲಿ ಬಯಲು ಬೆಂಕಿ ಉರಿಯುತ್ತಿತ್ತು.

ಹೊಗೆಗೂಡು ಬಂದ ಕಾಲಕ್ಕೆ ಒಂದು ಒಳ್ಳೆ ಸಾಕ್ಷಿ ಇದೆ. ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ 1577ರಲ್ಲಿ ಬರೆದದ್ದು. ಎಸೆಕ್ಸ್‌ನ ಅವನ ಊರಿನ ಮುದುಕರು ತಮ್ಮ ಕಾಲದಲ್ಲಿ ಮೂರು ಸಂಗತಿ ಬದಲಾಯಿತು ಅಂತಿದ್ದರಂತೆ. ಊರ ತುಂಬಾ ಹೊಗೆಗೂಡು ಎದ್ದವು. ಹುಲ್ಲಿನ ಹಾಸಿಗೆ, ಮರದ ದಿಮ್ಮಿಯ ತಲೆದಿಂಬು ಹೋಗಿ ಒಳ್ಳೆ ಹಾಸಿಗೆ ಬಂತು. ಮರದ ತಟ್ಟೆ ಹೋಗಿ ಲೋಹದ ತಟ್ಟೆ ಬಂತು. ಸುಮಾರು ನಾಲ್ಕು ನೂರು ವರ್ಷ ಆದ ಮೇಲೆ, 1953ರಲ್ಲಿ, ಹಾಸ್ಕಿನ್ಸ್ ಎಂಬ ಇತಿಹಾಸಕಾರ ಇದನ್ನೇ ದೊಡ್ಡದಾಗಿ ಹೇಳಿದ. 1570ರಿಂದ 1640ರ ನಡುವೆ ಇಂಗ್ಲೆಂಡಿನ ಹಳ್ಳಿಗಾಡು ತನ್ನ ಮನೆಗಳನ್ನು ಹೊಸದಾಗಿ ಕಟ್ಟಿಕೊಂಡಿತು ಎಂದ. ಧಾನ್ಯದ ಬೆಲೆ ಏರಿತ್ತು, ರೈತನ ಕೈಯಲ್ಲಿ ಕಾಸು ಓಡಾಡುತ್ತಿತ್ತು. ಆ ಇಸವಿಗಳ ಬಗ್ಗೆ ಆಮೇಲೆ ಬೇರೆಯವರು ವಾದ ಮಾಡಿದ್ದಾರೆ. ಆದರೆ ಶಾಟರಿಯ ಈ ಮನೆ ಮಾತ್ರ ಅವನ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಮನೆತನದ ಕಥೆ ನೋಡಿ. 1543ರ ಹೊತ್ತಿಗೆ ಆನ್‌ಳ ಅಜ್ಜ ಜಾನ್ ಇಲ್ಲಿ ಗೇಣಿ ರೈತ. ಅವನ ಮಗ ರಿಚರ್ಡ್ 1581ರಲ್ಲಿ ತೀರಿಕೊಂಡ. ಸಾಯುವ ಮೊದಲು ಬರೆಸಿದ ಉಯಿಲಿನಲ್ಲಿ ಮಗಳಿಗೆ ಮದುವೆಯ ದಿನ 6 ಪೌಂಡ್ 13 ಶಿಲ್ಲಿಂಗ್ 4 ಪೆನ್ಸ್ ಕೊಡಬೇಕು ಅಂತಿದೆ. ಮರುವರ್ಷ, 1582ರಲ್ಲಿ ಮದುವೆ. ಹುಡುಗಿಗೆ 26, ಹುಡುಗನಿಗೆ 18. ಆನ್ ಮನೆ ಬಿಟ್ಟಳು. ಜಮೀನು ನೋಡಿಕೊಂಡವನು ಅವಳ ಸೋದರ ಬಾರ್ತಲೋಮ್ಯೂ. ಅವನು 1610ರಲ್ಲಿ ಗೇಣಿ ಮನೆಯನ್ನು ಕೊಂಡು ತನ್ನದೇ ಮಾಡಿಕೊಂಡ.

ಸ್ವಂತದ್ದಾದ ಮೇಲೆ ಕೈ ಸುಮ್ಮನಿರುತ್ತದಾ? ಗೇಣಿ ಮನೆಗೆ ಯಾರೂ ಜಾಸ್ತಿ ದುಡ್ಡು ಸುರಿಯುವುದಿಲ್ಲ, ಎಲ್ಲ ಊರಲ್ಲೂ ಇದೇ ಕಥೆ. ಬಾರ್ತಲೋಮ್ಯೂ ಕಾಲದಲ್ಲಿ ಹೊಗೆಗೂಡು ಬಂತು. ಹೊಗೆಗೆ ದಾರಿ ಸಿಕ್ಕ ಮೇಲೆ ಹಾಲ್‌ನ ಆ ಎತ್ತರವೆಲ್ಲ ಯಾಕೆ ದಂಡ? ನಡುವೆ ಜಂತೆ ಹಾಕಿ ಹಲಗೆ ಬಡಿದರೆ ಮೇಲೊಂದು ಮಲಗುವ ಕೋಣೆ. ಹಾಗೆ ಮಹಡಿ ಬಂತು. ಅದೂ ಸಾಲದೆ ಪಕ್ಕಕ್ಕೆ ಎತ್ತರದ ಭಾಗ ಎದ್ದಿತು. ಅದರಲ್ಲಿ ಕ್ರಕ್ ಇಲ್ಲ. ನೆಟ್ಟನೆ ಕಂಬ, ಅಡ್ಡ ತೊಲೆ, ಮೊದಲಿನಿಂದಲೇ ಮಹಡಿ ಲೆಕ್ಕ ಹಾಕಿ ಕಟ್ಟಿದ ಚೌಕಟ್ಟು.

ಇದರ ಗುರುತು ನೋಡಬೇಕೆಂದರೆ ಹಳೇ ಭಾಗದ ಮೇಲಿನ ಕೋಣೆಗೆ ಹೋಗಬೇಕು. ಅಲ್ಲಿ ಗೋಡೆಯ ಪಕ್ಕ ಮೊಳಕೈಯಷ್ಟಲ್ಲ, ಆಳಿನ ಸೊಂಟದಷ್ಟು ದಪ್ಪದ ಮರ ಓರೆಯಾಗಿ ಮೇಲಕ್ಕೆ ಹೋಗಿದೆ. ಅದೇ ಕ್ರಕ್. ಕೆಳಗಿನಿಂದ ಒಂದೇ ಸಮನೆ ಬಂದು, ಆಮೇಲೆ ಹಾಕಿದ ನೆಲವನ್ನು ದಾಟಿ, ಮಾಡಿಗೆ ಹೋಗುತ್ತದೆ. ಮಹಡಿ ಇರುತ್ತದೆ ಅಂತ ಗೊತ್ತಿದ್ದ ಬಡಗಿ ಮಲಗುವ ಕೋಣೆಯ ನಡುವೆ ಇಂಥ ಮರ ಬರುವ ಹಾಗೆ ಕಟ್ಟುತ್ತಿರಲಿಲ್ಲ, ಅಲ್ವಾ? ಮರ ಮೊದಲು, ನೆಲ ಆಮೇಲೆ.

ಇಲ್ಲೇ ನನ್ನ ಎರಡನೇ ತಕರಾರು. ಈ ಮನೆಯ ಹಾಲ್‌ನಲ್ಲಿ ಒಲೆಮೂಲೆಯ ಪಕ್ಕ ಎತ್ತರ ಬೆನ್ನಿನ ಮರದ ಬೆಂಚು ಇಟ್ಟಿದ್ದಾರೆ. ಷೇಕ್ಸ್‌ಪಿಯರ್ ಬಂದಾಗ ಅವನೂ ಆನ್‌ಳೂ ಇದರ ಮೇಲೆ ಕೂತು ಬೆಂಕಿ ಕಾಯಿಸುತ್ತಾ ಮಾತಾಡುತ್ತಿದ್ದರು ಅಂತ ತಲೆಮಾರುಗಳಿಂದ ಕಥೆ. ಕೇಳೋಕೆ ಚಂದ. ಆದರೆ ಹೊಗೆಗೂಡು ಬಾರ್ತಲೋಮ್ಯೂ ಕಾಲದ್ದು ಅಂದರೆ, ಅವರಿಬ್ಬರೂ ಆ ಹಾಲ್‌ನಲ್ಲಿ ಕೂತಿದ್ದಾಗ ಆ ಒಲೆಮೂಲೆ ಇನ್ನೂ ಹುಟ್ಟೇ ಇರಲಿಲ್ಲ. ಕೂತಿದ್ದರೆ ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತಾ ಕೂತಿರಬೇಕು. ಇಷ್ಟು ದೊಡ್ಡ ಮನೆ ಎಬ್ಬಿಸಿದವನ ಹೆಸರು ಬೋರ್ಡಿನಲ್ಲಿಲ್ಲ, ಕೊಟ್ಟ ಹೆಣ್ಣಿನ ಹೆಸರಿದೆ. ನ್ಯಾಯವಾಗಿ ಇದು ಬಾರ್ತಲೋಮ್ಯೂ ಮನೆ. ಆದರೆ ಅವನ ಹೆಸರು ಹಾಕಿದರೆ ಟಿಕೆಟ್ ಯಾರು ತಗೊಳ್ತಾರೆ!

ಅಡುಗೆಮನೆ ಬಗ್ಗೆ ಒಂದು ಮಾತು. ರೊಟ್ಟಿ ಬೇಯಿಸುವ ಗೂಡೊಲೆ ಅಲ್ಲಿದೆ, ಅದರ ಬಾಯಿಗೆ ಮುಚ್ಚಳ ಮರದ್ದು. ಒಲೆಗೆ ಮರದ ಮುಚ್ಚಳ ಅಂದರೆ ತಮಾಷೆ ಅನಿಸಬಹುದು. ಬೆಂಕಿ ಇರುವುದು ಗೂಡಿನ ಒಳಗೆ, ಅದೂ ಮೊದಲು ಮಾತ್ರ. ಪುಳ್ಳೆ ಉರಿಸಿ ಗೂಡು ಕಾದ ಮೇಲೆ ಕೆಂಡ ಬೂದಿ ಎಲ್ಲ ಹೊರಗೆಳೆದು, ಹಿಟ್ಟಿನ ಉಂಡೆ ಇಟ್ಟು, ಬಾಯಿ ಮುಚ್ಚುತ್ತಾರೆ. ಗೋಡೆಯ ಕಾವಿಗೇ ರೊಟ್ಟಿ ಬೇಯುತ್ತದೆ. ಬೆಂಕಿ ಇಲ್ಲದ ಒಲೆಗೆ ಮರದ ಮುಚ್ಚಳ ಸಾಕು.

ಹುಲ್ಲಿನ ಮಾಡಿನ ಲೆಕ್ಕವೂ ಹಾಗೇ, ಕಣ್ಣಿಗೆ ಕಾಣುವುದಕ್ಕಿಂತ ಬುದ್ಧಿವಂತಿಕೆ ಜಾಸ್ತಿ. ಹುಲ್ಲು ನೀರನ್ನು ತಡೆಯುವುದಿಲ್ಲ, ಜಾರಿಸುತ್ತದೆ. ಅದಕ್ಕೇ ಮಾಡು ಅಷ್ಟು ಕಡಿದಾಗಿರುವುದು. ಮೇಲಿನ ಪದರ ಒದ್ದೆಯಾಗುತ್ತದೆ, ಒಳಗಿನದು ಒಣಗಿರುತ್ತದೆ. ಸೂರು ಗೋಡೆಯಿಂದ ಮುಂದಕ್ಕೆ ಚಾಚಿ ನೀರನ್ನು ದೂರ ಬೀಳಿಸುತ್ತದೆ. ದೋಣಿ-ಪೈಪು ಏನೂ ಬೇಡ. ಮಣ್ಣಿನ ಗೋಡೆಗೆ ಅದೇ ಆಯಸ್ಸು. ಬುಡದಲ್ಲಿ ಕಲ್ಲಿನ ಕಟ್ಟೆ ಹಾಕಿರುವುದೂ ಮರ ನೆಲದ ಪಸೆ ಕುಡಿಯದಿರಲಿ ಅಂತ. ಹುಲ್ಲು ಎಷ್ಟು ಒಳ್ಳೆಯದಾದರೂ ಕೆಲವು ದಶಕಕ್ಕೊಮ್ಮೆ ಹೊದಿಸಬೇಕು, ನೆತ್ತಿಯ ಸಾಲನ್ನು ಅದಕ್ಕಿಂತ ಬೇಗ. ಬೆಂಕಿಯೊಂದು ಯಾವತ್ತೂ ಭಯವೇ. 1969ರಲ್ಲಿ ಈ ಮನೆಗೂ ಬಿತ್ತು, ತುಂಬಾ ಹಾಳಾಯಿತು, ಆಮೇಲೆ ಮೊದಲಿನಂತೆ ಕಟ್ಟಿ ನಿಲ್ಲಿಸಿದರು. ಅಂದರೆ ಇವತ್ತಿನ ಹುಲ್ಲಿನಲ್ಲಿ ಷೇಕ್ಸ್‌ಪಿಯರ್ ಕಂಡ ಒಂದು ಎಳೆಯೂ ಇಲ್ಲ.

ಇನ್ನು ವಠಾರದ ಕಥೆ. ಹೊಗೆಗೂಡಿನ ಮೇಲೆ "ಐ. ಎಚ್. 1697" ಅಂತ ಗುರುತಿದೆ. ಆಗ ಜೆ ಅಕ್ಷರದ ಜಾಗಕ್ಕೆ ಐ ಬಳಸುತ್ತಿದ್ದರು, ಹಾಗಾಗಿ ಇದು ಅಜ್ಜನ ಹೆಸರಿನವನೇ ಆದ ಇನ್ನೊಬ್ಬ ಜಾನ್ ಹ್ಯಾಥವೇ. ಅಲ್ಲಿಯವರೆಗೂ ಮನೆಯವರ ಕೈ ನಡೆಯುತ್ತಿತ್ತು. ಮುಂದೆ ಇಳಿಜಾರು. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ದೊಡ್ಡ ಮನೆಯನ್ನು ಮೂರು ಭಾಗ ಮಾಡಿ ಮೂರು ಸಂಸಾರ ಇರುವ ಹಾಗೆ ಮಾಡಿದ್ದರು. ಒಂದೇ ಮಾಡಿನ ಕೆಳಗೆ ಅಂಟಿಕೊಂಡ ಮೂರು ಕಾಟೇಜ್. 1846ರಲ್ಲಿ ಕಷ್ಟಕ್ಕೆ ಮನೆ ಮಾರಿದರು. ಆದರೂ ಮನೆತನದವರು ಅಲ್ಲೇ ಬಾಡಿಗೆಗೆ ಉಳಿದರು. ಒಂದು ಕಾಲದಲ್ಲಿ ಒಂದು ಕಾಟೇಜಿಗೆ ಒಂದೇ ಸಂಸಾರ ಎನ್ನುತ್ತಿದ್ದ ದೇಶದಲ್ಲಿ ಒಂದು ರೈತನ ಮನೆಯೇ ಮೂರು ಕಾಟೇಜ್ ಆಯಿತು. 1589ರ ಆ ಕಾನೂನನ್ನು 1775ರಲ್ಲೇ ತೆಗೆದಿದ್ದರು.

ಇದು ಈ ಮನೆಯೊಂದರ ಹಣೆಬರಹ ಅಲ್ಲ. ಸಣ್ಣ ಹಿಡುವಳಿಗಳು ದೊಡ್ಡ ಜಮೀನಿನಲ್ಲಿ ಸೇರಿಹೋದ ಹಾಗೆ ಇಂಗ್ಲೆಂಡಿನ ಎಷ್ಟೋ ರೈತನ ಮನೆಗಳಿಗೆ ಜಮೀನೇ ಉಳಿಯಲಿಲ್ಲ. ಜಮೀನಿಲ್ಲದ ದೊಡ್ಡ ಮನೆಯನ್ನು ಮಾಲೀಕ ಏನು ಮಾಡುತ್ತಾನೆ? ನಡುವೆ ಗೋಡೆ ಎಬ್ಬಿಸಿ, ಇನ್ನೊಂದು ಬಾಗಿಲು ಕೊರೆದು, ಕೂಲಿಯವರಿಗೆ ಬಾಡಿಗೆಗೆ ಕೊಡುತ್ತಾನೆ. ಅಲ್ಲಿನ ಹಳ್ಳಿಗಳಲ್ಲಿ ಇವತ್ತು "ಮೂರು ಕಾಟೇಜ್ ಸಾಲು" ಅಂತ ಕಾಣುವ ಎಷ್ಟೋ ಕಟ್ಟಡಗಳ ಒಳಗೆ ಹೀಗೆ ಒಂದು ರೈತನ ಮನೆ ಅಡಗಿರುತ್ತದೆ. ಹೊರಗೆ ಮೂರು ಬಾಗಿಲು, ಒಳಗೆ ಒಂದೇ ಚೌಕಟ್ಟು.

ಪ್ರವಾಸಿಗಳು ಇಲ್ಲಿಗೆ ಬರಲು ಶುರುಮಾಡಿದ್ದೂ ಸುಮಾರು ಆ ಕಾಲದಲ್ಲೇ. ಹದಿನೆಂಟನೇ ಶತಮಾನದ ಕೊನೆಗೆ ಸ್ಯಾಮ್ಯುಯೆಲ್ ಐರ್ಲೆಂಡ್ ಎಂಬವನು ಬಂದು ಮನೆಯ ಚಿತ್ರ ಬರೆದು 1795ರಲ್ಲಿ ಅಚ್ಚು ಹಾಕಿಸಿದ. ಹೋಗುವಾಗ "ಷೇಕ್ಸ್‌ಪಿಯರ್ ಕೂತ ಕುರ್ಚಿ" ಅಂತ ಒಂದನ್ನು ಕೊಂಡುಕೊಂಡೂ ಹೋದ. ಆಮೇಲೆ ಬಂದವರ ಕಣ್ಣಿಗೆ ಬಿದ್ದದ್ದು ಬಡವರ ಪುಟ್ಟ ಮನೆ, ಬಾಗಿಲಲ್ಲಿ ಹೂವು. ಕಾಟೇಜ್ ಎಂಬ ಹೆಸರು ಗಟ್ಟಿಯಾಗಿ ನಿಂತದ್ದು ಹೀಗೆ. ಅವರು ನೋಡಿದ್ದು ಸುಳ್ಳಲ್ಲ, ಆದರೆ ಅದು ಇಳಿದುಹೋದ ಮನೆ. ಹ್ಯಾಥವೇ ವಂಶದ ಮೇರಿ ಬೇಕರ್ ಎಂಬ ಅಜ್ಜಿ ಬಂದವರಿಗೆಲ್ಲ ಬೆಂಚು, ಮಂಚ ತೋರಿಸಿ, ಮನೆತನದ ಬೈಬಲ್ ತೆಗೆದು ಹೆಸರು ಓದಿಸುತ್ತಿದ್ದಳು. 1892ರಲ್ಲಿ ಷೇಕ್ಸ್‌ಪಿಯರ್ ಬರ್ತ್‌ಪ್ಲೇಸ್ ಟ್ರಸ್ಟ್ ಮನೆಯನ್ನು ಕೊಂಡಾಗ ಆಕೆಯನ್ನು ಅಲ್ಲೇ ಉಳಿಸಿಕೊಂಡರು. 1899ರಲ್ಲಿ ತೀರಿಕೊಂಡಳು. ಈಗ ಒಳಗೆ ಒಂದೇ ಮನೆಯಾಗಿ ಓಡಾಡಬಹುದು. ವಠಾರದ ಕಾಲ ಹೆಸರಿನಲ್ಲಿ ಮಾತ್ರ ಉಳಿದಿದೆ. ಒಂದು ಕೋಣೆಯನ್ನಾದರೂ ಆ ಕೂಲಿ ಸಂಸಾರಗಳ ಹಾಗೆ ಇಟ್ಟಿದ್ದರೆ ಚೆನ್ನಾಗಿರುತ್ತಿತ್ತು ಅಂತ ನನಗನಿಸುತ್ತದೆ.

ಕಣ್ಣಿಗೆ ಕಂಡದ್ದನ್ನು ನಂಬಿ ಮೋಸ ಹೋಗುವುದು ಹೇಗೆ ಅನ್ನೋದಕ್ಕೆ ಇದೇ ಟ್ರಸ್ಟಿನ ಇನ್ನೊಂದು ಮನೆ ಇನ್ನೂ ಒಳ್ಳೆ ಉದಾಹರಣೆ. ವಿಲ್ಮ್‌ಕೋಟ್ ಹಳ್ಳಿಯಲ್ಲಿ ಷೇಕ್ಸ್‌ಪಿಯರ್ ತಾಯಿ ಮೇರಿ ಆರ್ಡನ್ ಮನೆ ಅಂತ ಒಂದನ್ನು ತೋರಿಸುತ್ತಿದ್ದರು. ಕಪ್ಪು ಬಿಳುಪಿನ ಸೊಗಸಾದ ಮರದ ಮನೆ. ಹದಿನೆಂಟನೇ ಶತಮಾನದ ಒಬ್ಬ ಗೈಡ್ ಹಾಗೆ ಹೇಳಿದ್ದ, ಜನ ನಂಬಿದರು. ಟ್ರಸ್ಟ್ 1930ರಲ್ಲಿ ಅದನ್ನು ಕೊಂಡಿತು. 2000ದಲ್ಲಿ ಹಳೇ ದಾಖಲೆ ಕೆದಕಿದಾಗ ಗೊತ್ತಾಯಿತು, ಅದು ಪಕ್ಕದ ಮನೆಯ ಆಡಮ್ ಪಾಮರ್ ಎಂಬವನದು! ಆರ್ಡನ್ ಮನೆ ಹತ್ತಿರದಲ್ಲೇ ಇದ್ದ ಗ್ಲೀಬ್ ಫಾರ್ಮ್. ಹೊರಗಿನಿಂದ ನೋಡಿದರೆ ವಿಕ್ಟೋರಿಯಾ ಕಾಲದ ಇಟ್ಟಿಗೆ ಮನೆ, ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ಇಟ್ಟಿಗೆಯ ಹಿಂದಿದ್ದ ಮರದ ಉಂಗುರ ಎಣಿಸಿದರೆ 1514 ಅಂತ ಇಸವಿ ಸಿಕ್ಕಿತು. ಹಸಿ ಮರದಲ್ಲೇ ಕಟ್ಟುತ್ತಿದ್ದರು ಅಂದೆನಲ್ಲ, ಹಾಗಾಗಿ ಮರ ಕಡಿದ ಇಸವಿಯೇ ಹೆಚ್ಚುಕಮ್ಮಿ ಮನೆ ಕಟ್ಟಿದ ಇಸವಿ. ಪುಣ್ಯಕ್ಕೆ ಅದನ್ನೂ ಟ್ರಸ್ಟ್ 1968ರಲ್ಲಿ ಕೊಂಡಿಟ್ಟಿತ್ತು, ಅದು ಯಾರದು ಅಂತ ಗೊತ್ತಿಲ್ಲದೆಯೇ.

ಕಪ್ಪು ಬಿಳುಪು ಅಂದೆ. ಆ ಕಪ್ಪೂ ಹಳೆಯದಲ್ಲ. ಓಕ್‌ಗೆ ಬಣ್ಣ ಬೇಡ. ಬಿಸಿಲು ಮಳೆಗೆ ತಾನೇ ಬೂದು ಬಣ್ಣಕ್ಕೆ ತಿರುಗುತ್ತದೆ. ಮರಕ್ಕೆಲ್ಲ ಕಪ್ಪು ಬಳಿದು ಎದ್ದು ಕಾಣಿಸುವುದು ಬಹುಮಟ್ಟಿಗೆ ವಿಕ್ಟೋರಿಯಾ ಕಾಲದ ಶೋಕಿ. ಶಾಟರಿ ಮನೆಯ ಮುಂದಿನ ಹೂದೋಟವೂ ಅಷ್ಟೆ. ಎಲೆನ್ ವಿಲ್ಮಟ್ ಎಂಬ ಹೆಸರಾಂತ ತೋಟಗಾರ್ತಿ 1920ರ ದಶಕದಲ್ಲಿ ಅಲ್ಲಿ ಗಿಡಗಳ ಯೋಜನೆ ಹಾಕಿಕೊಟ್ಟಳು. ಬಾರ್ತಲೋಮ್ಯೂ ಕಾಲದಲ್ಲಿ ಅದು ರೈತನ ಅಂಗಳ. ದನ ಕಟ್ಟುವ, ಕೋಳಿ ಕೆದಕುವ, ತಿಪ್ಪೆ ಒಟ್ಟುವ ಜಾಗ.

ಅಮೆರಿಕದ ಸೌತ್ ಡಕೋಟಾದ ವೆಸಿಂಗ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1932ರಲ್ಲಿ ಈ ಮನೆಯನ್ನು ನೋಡಿ ಇನ್ನೊಂದು ಕಟ್ಟಿದರು. ಹುಲ್ಲಿನ ಮಾಡು, ಮರದ ಚೌಕ, ಹೂದೋಟ, ಎಲ್ಲ ಇದೆ. ತಿಪ್ಪೆ ಇಲ್ಲ.